ಸೀಟು ಇಳಿಯದಿದ್ದರೆ ಎಣ್ಣೆ ಡಬ್ಬಿ ಹುಡುಕಬೇಡಿ

ಮೌಂಟನ್ ಬೈಕ್‌ಗೆ ಡ್ರಾಪರ್ ಸೀಟ್‌ಪೋಸ್ಟ್, ಅಂದರೆ ಓಡಿಸುತ್ತಲೇ ಸೀಟನ್ನು ಏರಿಳಿಸುವ ಕಂಬ, ಹಾಕಿಸುವುದು ಒಂದೇ ಕಾರಣಕ್ಕೆ. ಏರಿನಲ್ಲಿ ಪೆಡಲ್ ತುಳಿಯಲು ಸೀಟು ಎತ್ತರದಲ್ಲಿರಬೇಕು, ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಸರಿಸಲು ಅದು ಅಡ್ಡ ಬರಬಾರದು. ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಕುಳಿತರೆ ಸೀಟು ಇಳಿಯುತ್ತದೆ, ಮೈಭಾರ ತೆಗೆದು ಮತ್ತೆ ಒತ್ತಿದರೆ ಮೇಲೇರುತ್ತದೆ. ಬೆಂಗಳೂರಿನ ತುರಹಳ್ಳಿಯಂಥ ಬಂಡೆ ಇಳಿಜಾರಿನ ನಡುವೆ ಅದು ಸಿಕ್ಕಿಕೊಂಡರೆ ಬೀಳುವ ಅಪಾಯ ನಿಜವಾದದ್ದು. ಆದ್ದರಿಂದ ‘ಇನ್ನೊಂದು ವಾರ ಹೀಗೇ ಓಡಿಸೋಣ’ ಎನ್ನಬೇಡಿ.

ಪೋಸ್ಟ್ ಸಿಕ್ಕಿಕೊಂಡ ಕೂಡಲೇ ಹೆಚ್ಚಿನವರು ಸ್ಪ್ರೇ ಡಬ್ಬಿ ತಂದು ಹೊಳೆಯುವ ಕೊಳವೆಗೆ ಹೊಡೆಯುತ್ತಾರೆ. ಡಬ್ಲ್ಯುಡಿ-40ರಂಥ ದ್ರವ ಒಳಗಿನ ಗ್ರೀಸನ್ನು ಕರಗಿಸಿ ತೊಳೆದುಬಿಡುತ್ತದೆ. ಚೈನ್ ಎಣ್ಣೆಯಾದರೆ ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಒಂದು ದಿನ ಸಲೀಸಾಗಿ ಓಡಾಡಿದ ಪೋಸ್ಟ್ ಮುಂದಿನ ವಾರ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ದೋಷ ಬಹಳ ಸಲ ಪೋಸ್ಟ್‌ನ ಒಳಗೆ ಇರುವುದೇ ಇಲ್ಲ. ಅದನ್ನು ಹಿಡಿದ ಕ್ಲಾಂಪ್‌ನಲ್ಲೋ, ಎಳೆಯುವ ಕೇಬಲ್‌ನಲ್ಲೋ ಇರುತ್ತದೆ. ಹಾಗಾಗಿ ಹೊರಗಿನಿಂದ ಒಳಕ್ಕೆ ಹೋಗಬೇಕು.

ಮೊದಲು ಕ್ಲಾಂಪ್

ಫ್ರೇಮ್‌ನ ಬಾಯಲ್ಲಿ ಪೋಸ್ಟನ್ನು ಹಿಡಿದಿರುವ ಕ್ಲಾಂಪ್‌ನ ಬೋಲ್ಟನ್ನು ಅಲೆನ್ ಕೀಯಿಂದ ಅರ್ಧ ಸುತ್ತು ಸಡಿಲಿಸಿ. ಈಗ ಲಿವರ್ ಒತ್ತಿ ನೋಡಿ. ಸೀಟು ಸರಾಗವಾಗಿ ಓಡಾಡಿದರೆ ರೋಗ ಸಿಕ್ಕಿತು. ಪೋಸ್ಟ್‌ನ ಹೊರಕೊಳವೆ ತೆಳುವಾದ ಅಲ್ಯೂಮಿನಿಯಂ. ಅದರೊಳಗೆ ಇನ್ನೊಂದು ಕೊಳವೆ ಕೂದಲೆಳೆಯ ಅಂತರದಲ್ಲಿ ಜಾರುತ್ತದೆ. ಕ್ಲಾಂಪನ್ನು ಬಲವಾಗಿ ಬಿಗಿದರೆ ಹೊರಕೊಳವೆ ಅಲ್ಲೇ ಒಂದಿಷ್ಟು ಹಿಸುಕಿಕೊಂಡು ಒಳಕೊಳವೆಯನ್ನು ಕಚ್ಚುತ್ತದೆ.

ಹೀಗೆ ಬಿಗಿಯುವ ಅಭ್ಯಾಸ ಹಳೆಯ ಸೈಕಲ್‌ಗಳಿಂದ ಬಂದದ್ದು. 1984ರಲ್ಲಿ ಕ್ಯಾಲಿಫೋರ್ನಿಯಾದ ಜೋ ಬ್ರೀಜ್ ಮತ್ತು ಜಾಶ್ ಏಂಜೆಲ್ ಹೊರತಂದ ‘ಹೈಟ್ ರೈಟ್’ ಎಂಬ ಸ್ಪ್ರಿಂಗ್‌ನಲ್ಲಿ ಸವಾರ ಪ್ರತಿ ಸಲ ಕ್ಲಾಂಪ್ ಬಿಚ್ಚಿ, ಸೀಟಿನ ಎತ್ತರ ಬದಲಿಸಿ, ಮತ್ತೆ ಬಿಗಿಯಬೇಕಿತ್ತು. ಗಟ್ಟಿ ಪೋಸ್ಟ್‌ಗೆ ಎಷ್ಟು ಬಿಗಿದರೂ ನಡೆಯುತ್ತಿತ್ತು. ಡ್ರಾಪರ್‌ಗೆ ಅದು ನಡೆಯುವುದಿಲ್ಲ.

ಪೋಸ್ಟ್‌ನ ಹೊರಮೈಯನ್ನೂ ಫ್ರೇಮ್‌ನ ಒಳಮೈಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಅಲ್ಲಿಗೆ ಗ್ರೀಸ್ ಬದಲು ಕಾರ್ಬನ್ ಪೇಸ್ಟ್ ಹಚ್ಚಿ. ಅದರಲ್ಲಿರುವ ಸಣ್ಣ ಕಣಗಳು ಕಡಿಮೆ ಬಿಗಿತದಲ್ಲೂ ಪೋಸ್ಟ್ ಜಾರದಂತೆ ಹಿಡಿಯುತ್ತವೆ. ಅಲ್ಯೂಮಿನಿಯಂ ಫ್ರೇಮ್‌ಗೂ ಇದನ್ನೇ ಹಚ್ಚಬಹುದು. ಆಮೇಲೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್ ಸಾಕು. ಪೋಸ್ಟ್ ಒಂದು ಮಿತಿ, ಕ್ಲಾಂಪ್ ಇನ್ನೊಂದು ಮಿತಿ ಹೇಳಿದರೆ ಕಡಿಮೆಯದೇ ನಿಮ್ಮ ಮಿತಿ. ಟಾರ್ಕ್ ರೆಂಚ್ ದುಬಾರಿ ಎಂದು ಅಂದಾಜಿನಲ್ಲಿ ಬಿಗಿಯುವವರಿಗೆ ನನ್ನದೊಂದೇ ಮಾತು: ಡ್ರಾಪರ್ ಅದಕ್ಕಿಂತ ದುಬಾರಿ.

ಇಷ್ಟಾದರೂ ಪೋಸ್ಟ್ ಫ್ರೇಮ್‌ನೊಳಗೆ ಜಾರುತ್ತಿದ್ದರೆ ಅಳತೆ ನೋಡಿ. 31.6 ಮಿಲಿಮೀಟರ್ ಫ್ರೇಮ್‌ಗೆ 30.9ರ ಪೋಸ್ಟ್ ತುರುಕಿ, ನಡುವೆ ಅಂತರ ತುಂಬುವ ತೆಳು ಬಳೆ (ಶಿಮ್) ಹಾಕದೆ ಕ್ಲಾಂಪ್‌ನಿಂದಲೇ ಹಿಡಿಸಿದ ಸೈಕಲ್‌ಗಳನ್ನು ನೋಡಿದ್ದೇನೆ. 0.7 ಮಿಲಿಮೀಟರ್ ಅಂತರವನ್ನು ಬೋಲ್ಟ್‌ನಿಂದ ಮುಚ್ಚಲಾಗದು.

ಆಮೇಲೆ ಕೇಬಲ್

ಪೋಸ್ಟನ್ನು ಫ್ರೇಮ್‌ನಿಂದ ಹೊರಗೆಳೆಯಿರಿ. ಎಳೆಯುವಾಗ ಹ್ಯಾಂಡಲ್ ಕಡೆಯಿಂದ ಕೇಬಲ್‌ನ ಹೊರಕವಚವನ್ನು ಇನ್ನೊಂದು ಕೈಯಿಂದ ಒಳಗೆ ತಳ್ಳುತ್ತಿರಬೇಕು, ಇಲ್ಲವಾದರೆ ಅದು ಕಿತ್ತುಬರುತ್ತದೆ. ಪೋಸ್ಟ್‌ನ ತಳದಲ್ಲಿರುವ ಸಣ್ಣ ತೋಳಿನಿಂದ ಕೇಬಲ್ ಬಿಡಿಸಿ, ಆ ತೋಳನ್ನು ಬೆರಳಿನಿಂದಲೇ ಒತ್ತಿ. ಸೀಟು ಚಟ್ಟನೆ ಎದ್ದರೆ ಪೋಸ್ಟ್ ಚೆನ್ನಾಗಿದೆ, ಕೇಬಲ್ ಬದಲಿಸಿ. ಒಳತಂತಿ ಮಾತ್ರ ಹೊಸದು ಹಾಕಿ ಹಳೆಯ ಕವಚವನ್ನೇ ಉಳಿಸುವುದು ವ್ಯರ್ಥ ಕೆಲಸ, ತುಕ್ಕೂ ಕೆಸರೂ ಇರುವುದು ಕವಚದಲ್ಲೇ. ಪೋಸ್ಟನ್ನು ಮತ್ತೆ ಇಳಿಸುವಾಗ ಹೆಚ್ಚಾದ ಕವಚವನ್ನು ಮುಂದಿನಿಂದ ಎಳೆದುಕೊಳ್ಳಿ. ಅದು ಒಳಗೆ ಸುರುಳಿಯಾಗಿ ಮಡಿಸಿಕೊಂಡರೆ ಹೊಸ ಕೇಬಲ್ ಕೂಡ ಎಳೆಯುವುದಿಲ್ಲ.

ಕೊನೆಗೆ ಲಿವರ್‌ನಲ್ಲಿ ಒಂದೆರಡು ಮಿಲಿಮೀಟರ್ ಖಾಲಿ ಚಲನೆ ಉಳಿಸಿ. ಕೇಬಲ್ ತೀರಾ ಬಿಗಿಯಾದರೆ ಒಳಗಿನ ಕವಾಟ ಪೂರ್ತಿ ಮುಚ್ಚದೆ, ಕುಳಿತಾಗ ಸೀಟು ಮೆಲ್ಲಗೆ ಇಳಿಯುತ್ತದೆ. ತೀರಾ ಸಡಿಲವಾದರೆ ಕವಾಟ ತೆರೆಯುವುದೇ ಇಲ್ಲ. ಹೈಡ್ರಾಲಿಕ್ ಲಿವರ್ ಇರುವ ರಾಕ್‌ಶಾಕ್ಸ್ ಕಂಪನಿಯ ಹಳೆಯ ರಿವರ್ಬ್ ಪೋಸ್ಟ್‌ಗಳಲ್ಲಿ ತಂತಿಯ ಬದಲು ದ್ರವದ ಕೊಳವೆ ಇರುತ್ತದೆ. ಅಲ್ಲಿ ಗಾಳಿ ತೆಗೆಸುವ ಬ್ಲೀಡ್ ಕೆಲಸ ಬೇರೆಯೇ.

ಎಲ್ಲರೂ ಎಡವುವ ಜಾಗ: ಕಾಲರ್

ಎರಡೂ ಸರಿಯಿದ್ದೂ ಪೋಸ್ಟ್ ಹಿಡಿಯುತ್ತಿದ್ದರೆ ಮಾತ್ರ ಕಾಲರ್‌ಗೆ ಕೈಹಾಕಿ. ಒಳಕೊಳವೆ ಹೊರಕೊಳವೆಯೊಳಗೆ ಹೋಗುವ ಜಾಗದಲ್ಲಿರುವ ತಿರುಪಿನ ಬಳೆಯೇ ಕಾಲರ್. ಅದರೊಳಗೆ ದೂಳು ತಡೆಯುವ ರಬ್ಬರ್ ಸೀಲ್ ಇದೆ. ನಮ್ಮ ಕೆಂಪು ದೂಳು ಈ ಸೀಲ್‌ನ ಅಂಚಿನಲ್ಲಿ ಗ್ರೀಸ್ ಜೊತೆ ಬೆರೆತು ಅರೆಯುವ ಮಸಾಲೆಯಂತಾಗುತ್ತದೆ.

ಸೀಟನ್ನು ಪೂರ್ತಿ ಎತ್ತರಕ್ಕೆ ಏರಿಸಿ. ಕಾಲರ್ ಬಿಚ್ಚುವ ಮೊದಲೇ ಹೊರಗಿನ ಕೊಳೆ ಒರೆಸಿ, ಇಲ್ಲವಾದರೆ ಅದನ್ನು ನೀವೇ ಒಳಗೆ ಕಳುಹಿಸುತ್ತೀರಿ. ಕಾಲರ್ ಕೈಯಿಂದ ತಿರುಗದಿದ್ದರೆ ಪಟ್ಟಿ ರೆಂಚ್ ಬಳಸಿ. ಪೈಪ್ ರೆಂಚ್, ಪ್ಲೈಯರ್ ಬೇಡವೇ ಬೇಡ. ಹೊಳೆಯುವ ಕೊಳವೆಯನ್ನು ವೈಸ್‌ಗೆ ಕಚ್ಚಿಸಬೇಡಿ, ಬಟ್ಟೆ ಸುತ್ತಿಯೂ ಬೇಡ. ಅಲ್ಲಿ ಬಿದ್ದ ಒಂದು ಗೀರು ಮುಂದೆ ಪ್ರತಿ ಓಡಾಟದಲ್ಲೂ ಸೀಲನ್ನು ಕೊಯ್ಯುತ್ತದೆ.

ಕಾಲರನ್ನು ಮೇಲಕ್ಕೆ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿ. ಹಳೆಯ ಬನಿಯನ್ ಬಟ್ಟೆ ಇದಕ್ಕೆ ಬಹಳ ಒಳ್ಳೆಯದು, ನೂಲು ಬಿಡುವುದಿಲ್ಲ. ಸೀಲ್‌ನ ಒಳ ಅಂಚು, ಅದರ ಕೆಳಗಿನ ಪ್ಲಾಸ್ಟಿಕ್ ಬುಶ್, ಕೊಳವೆಯ ಮೈ ಎಲ್ಲವನ್ನೂ ಬಟ್ಟೆಯಲ್ಲಿ ಕಪ್ಪು ಬಾರದವರೆಗೆ ಒರೆಸಿ. ಸಸ್ಪೆನ್ಶನ್‌ಗೆಂದೇ ಬರುವ ತೆಳು ಗ್ರೀಸನ್ನು, ಉದಾಹರಣೆಗೆ ‘ಸ್ಲಿಕ್ ಹನಿ’ ಎಂಬ ಹೆಸರಿನದನ್ನು, ಸೀಲ್‌ನ ತುಟಿಗೆ ಮತ್ತು ಬುಶ್‌ಗೆ ಹಚ್ಚಿ ಕಾಲರ್ ಮುಚ್ಚಿ. ಗ್ಯಾರೇಜಿನಲ್ಲಿ ಬೇರಿಂಗ್‌ಗೆ ಹಾಕುವ ದಪ್ಪ ಗ್ರೀಸ್ ಇಲ್ಲಿಗಲ್ಲ, ಅದರಿಂದ ಸೀಟು ಮೇಲೇರುವುದೇ ನಿಧಾನವಾಗುತ್ತದೆ. ಬಹುತೇಕ ಪೋಸ್ಟ್‌ಗಳಿಗೆ ಇಷ್ಟರಲ್ಲೇ ಜೀವ ಬರುತ್ತದೆ.

ಬರದಿದ್ದರೆ ತಳದ ಮುಚ್ಚಳ ಬಿಚ್ಚಿ ಒಳಕೊಳವೆಯನ್ನೇ ಹೊರತೆಗೆಯಬೇಕು. ಅದರ ಕೆಳತುದಿಯಲ್ಲಿ ಹಿತ್ತಾಳೆಯ ಎರಡೋ ಮೂರೋ ಪುಟ್ಟ ಪಿನ್‌ಗಳಿರುತ್ತವೆ. ಹೊರಕೊಳವೆಯ ಒಳಮೈಯ ಉದ್ದ ತೋಡುಗಳಲ್ಲಿ ಜಾರುತ್ತಾ, ಸೀಟು ಎಡಬಲಕ್ಕೆ ತಿರುಗದಂತೆ ತಡೆಯುವುದು ಇವೇ. ಇವು ನೋಡಲು ಒಂದೇ ತರಹ ಇದ್ದರೂ ದಪ್ಪದಲ್ಲಿ ಅತಿಸೂಕ್ಷ್ಮ ವ್ಯತ್ಯಾಸವಿರಬಹುದು. ಅದನ್ನು ತಿಳಿಸಲು ಕೆಲವದರ ಮೇಲೆ ಚುಕ್ಕೆಗಳಿರುತ್ತವೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು, ಕೊಳವೆ ಹೊರಬರುವ ಕ್ಷಣಕ್ಕೆ ತುದಿಯನ್ನು ಅಂಗೈಯಲ್ಲಿ ಹಿಡಿಯಿರಿ, ಪಿನ್‌ಗಳು ಉದುರುತ್ತವೆ. ಯಾವುದು ಯಾವ ಕುಳಿಯಲ್ಲಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದು, ಒಂದೊಂದಾಗಿ ಒರೆಸಿ, ಗ್ರೀಸ್ ಹಚ್ಚಿ, ಅದೇ ಕುಳಿಗೆ ಕೂರಿಸಿ. ಅದಲುಬದಲಾದರೆ ಪೋಸ್ಟ್ ಬಿಗಿಯಾಗುತ್ತದೆ ಅಥವಾ ಸೀಟು ಅಲುಗಾಡುತ್ತದೆ. ಮೊದಲೇ ಅಲುಗಾಡುತ್ತಿದ್ದರೆ ಪಿನ್ ಸವೆದಿದೆ, ಒಂದು ಅಳತೆ ದೊಡ್ಡದನ್ನು ತರಿಸಿ.

ತೋಡುಗಳನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒರೆಸಿ ತೆಳುವಾಗಿ ಗ್ರೀಸ್ ಸವರಿ. ಕೊಳವೆಯನ್ನು ನೇರವಾಗಿ, ನಿಧಾನವಾಗಿ ಒಳಗಿಳಿಸಿ. ಎಲ್ಲಿಯಾದರೂ ತಡೆದರೆ ಒತ್ತಬೇಡಿ, ಪಿನ್ ಜಾಗ ತಪ್ಪಿದೆ ಎಂದೇ ಅರ್ಥ. ಹೊರತೆಗೆದು ಮತ್ತೆ ಕೂರಿಸಿ. ಕಾಲರನ್ನು ಕೈಬಿಗಿಯಷ್ಟೇ ತಿರುಗಿಸಿ.

ಮುಟ್ಟಬಾರದ್ದು

ಸೀಟನ್ನು ಮೇಲೆತ್ತುವ, ಒಳಗಿನ ಮುಚ್ಚಿದ ಡಬ್ಬಿಯಾದ ಕಾರ್ಟ್ರಿಜ್‌ನಲ್ಲಿ ಒತ್ತಡದ ಅನಿಲವೂ ಎಣ್ಣೆಯೂ ಇದೆ. ಅದನ್ನು ಕೊರೆಯುವುದು, ಬಿಚ್ಚುವುದು ಅಪಾಯ. ಡ್ರಾಪರ್ ಇಳಿದಿರುವಾಗ ಸೈಕಲನ್ನು ಸೀಟು ಹಿಡಿದು ಎತ್ತಬೇಡಿ, ಕೆಲವು ಮಾದರಿಗಳಲ್ಲಿ ಇದರಿಂದ ಗಾಳಿ ಎಣ್ಣೆಯೊಳಗೆ ಸೇರುತ್ತದೆ. ಮಳೆಗಾಲದ ಸವಾರಿಯ ನಂತರ ಪೋಸ್ಟ್ ತೆಗೆದು ಫ್ರೇಮನ್ನು ಬೋರಲು ಹಾಕಿ ನೀರು ಬಸಿಯಿರಿ.

ಕೇಬಲ್ ಸಡಿಲವಿದ್ದೂ ಸೀಟು ಸ್ಪಂಜಿನಂತೆ ಕುಸಿಯುತ್ತಿದ್ದರೆ ಕಾರ್ಟ್ರಿಜ್ ಸೋತಿದೆ, ಶುಚಿ ಮಾಡಿ ಫಲವಿಲ್ಲ. ಹಲವು ಪೋಸ್ಟ್‌ಗಳಿಗೆ ಅದು ಬಿಡಿಯಾಗಿ ಸಿಗುತ್ತದೆ. ತರಿಸುವ ಮೊದಲು ಪೋಸ್ಟ್‌ನ ಮಾದರಿಯನ್ನೂ, ಸೀಟು ಎಷ್ಟು ಮಿಲಿಮೀಟರ್ ಇಳಿಯುತ್ತದೆ ಎಂಬುದನ್ನೂ ಬರೆದುಕೊಳ್ಳಿ. 125 ಮಿಲಿಮೀಟರ್ ಪೋಸ್ಟ್‌ನ ಕಾರ್ಟ್ರಿಜ್ ಅದೇ ಕಂಪನಿಯ 150ಕ್ಕೆ ಹೊಂದುತ್ತದೆ ಎಂದು ಭಾವಿಸಿ ಹಣ ಕೊಡಬೇಡಿ.