ಇಂಗ್ಲೆಂಡಿನಲ್ಲಿ ಮನೆ ಸಮೇತ ಅಂಗಡಿ ಕೊಳ್ಳುವ ಮೊದಲು

ಈ ತಿಂಗಳು ಕುಮಟಾ, ಹೊನ್ನಾವರ ಕಡೆಯ ಇಬ್ಬರು ಒಂದೇ ಪ್ರಶ್ನೆ ಕೇಳಿದರು: ಕೆಳಗೆ ಅಂಗಡಿ, ಮೇಲೆ ಮನೆ, ನಡೆಯುತ್ತಿರುವ ವ್ಯಾಪಾರ, ತಗೊಳ್ಳಬಹುದಾ? ಊರಿನ ತೋಟ ಮಾರಿ ದುಡ್ಡು ಹಾಕುವ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿ ಕೊಂಡರೆ ವೀಸಾ ಸಿಗುವುದಿಲ್ಲ. ಹೂಡಿಕೆದಾರರ ವೀಸಾವನ್ನು ಬ್ರಿಟನ್ 2022ರ ಫೆಬ್ರವರಿಯಲ್ಲೇ ನಿಲ್ಲಿಸಿದೆ. ಅಲ್ಲಿ ಇರಲು, ದುಡಿಯಲು ಹಕ್ಕಿದ್ದವರು ಮಾತ್ರ ಮುಂದೆ ಓದಿ.

ಕಟ್ಟಡ ಯಾರದ್ದು ಅಂತ ಕೇಳಿ. ‘ಲೀಸ್‌ಹೋಲ್ಡ್’ ಅಂದರೆ ನೀವು ಕೊಳ್ಳುವುದು ವ್ಯಾಪಾರ ಮತ್ತು ಉಳಿದ ಬಾಡಿಗೆ ಅವಧಿ, ಅಷ್ಟೇ. ಎಷ್ಟು ವರ್ಷ ಉಳಿದಿದೆ, ಬಾಡಿಗೆ ಯಾವಾಗ ಏರುತ್ತದೆ, ಮಾಡು ಸೋರಿದರೆ ಖರ್ಚು ಯಾರದ್ದು, ಎಲ್ಲ ಲೀಸ್ ಪತ್ರದಲ್ಲಿರುತ್ತದೆ. ಲೀಸ್ ಮುಂದುವರಿಸಿಕೊಳ್ಳುವ ಹಕ್ಕನ್ನು ಅಲ್ಲಿನ 1954ರ ಮಾಲೀಕ-ಬಾಡಿಗೆದಾರ ಕಾಯ್ದೆ ಕೊಡುತ್ತದೆ. ಆದರೆ ಒಪ್ಪಂದದಲ್ಲೇ ಅದನ್ನು ಬಿಟ್ಟುಕೊಟ್ಟಿರುವುದೂ ಉಂಟು. ಹಾಗಿದ್ದರೆ ಅವಧಿ ಮುಗಿದಾಗ ಅಂಗಡಿಯ ಜೊತೆ ಮನೆಯನ್ನೂ ಬಿಡಬೇಕಾದೀತು. ದಯವಿಟ್ಟು ನಿಮ್ಮದೇ ಸಾಲಿಸಿಟರ್ (ಕಾಗದಪತ್ರ ನೋಡುವ ವಕೀಲ) ಇಟ್ಟುಕೊಳ್ಳಿ, ಮಾರುವವರು ತೋರಿಸಿದವರನ್ನಲ್ಲ.

ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ) ರಿಟರ್ನ್ ನೋಡಿ. ಒಂದು ವಾರ ಅಂಗಡಿಯಲ್ಲೇ ಕೂತು ಗಿರಾಕಿಗಳನ್ನು ಎಣಿಸಿ. ಅಂಗಡಿಯಲ್ಲಿರುವ ಸರಕಿನ ದುಡ್ಡನ್ನು ಸಾಮಾನ್ಯವಾಗಿ ಬೇರೆಯಾಗಿ ಕೊಡಬೇಕು. ಈಗಿರುವ ಕೆಲಸದವರು ಹಳೆಯ ಷರತ್ತಿನಲ್ಲೇ ನಿಮ್ಮ ಕಡೆ ಬರುತ್ತಾರೆ, ಬೇಡ ಅನ್ನಲಾಗದು.

ಭಾರತದಿಂದ ಒಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ಹೂಡಿಕೆಗೆ ಕಳಿಸುವ ಮೊತ್ತ 10 ಲಕ್ಷ ರೂಪಾಯಿ ದಾಟಿದರೆ, ಹೆಚ್ಚಿನದಕ್ಕೆ ಬ್ಯಾಂಕ್ 20% ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ಇಲ್ಲಿನ ಆದಾಯ ತೆರಿಗೆ ರಿಟರ್ನ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ದುಡ್ಡು ಕೈಯಲ್ಲಿರುವುದಿಲ್ಲ.