ಕೋವಿಡ್ ನಿಯಮ ಸಡಿಲವಾದಾಗ ಮಕ್ಕಳ ಮನೆಗೆ ಹೇಗೆ ತಿಳಿಸಬೇಕು?

ಇಲಾಖೆಯಿಂದ ಸುತ್ತೋಲೆ ಬಂತು. ಅದರ ಪಿಡಿಎಫ್ ಅನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿ, ಮೇಲೆ 'ಪೋಷಕರ ಗಮನಕ್ಕೆ' ಅಂತ ಬರೆದಾಯ್ತು. ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಂಡ ಶಾಲೆಗಳು ಕೋವಿಡ್ ಕಾಲದಲ್ಲಿ ತುಂಬಾ ಇದ್ದವು. ಆದರೆ ಸುತ್ತೋಲೆ ಅನ್ನೋದು ಅಧಿಕಾರಿಗಳು ಅಧಿಕಾರಿಗಳಿಗೆ ಬರೆದದ್ದು. ಉಲ್ಲೇಖ, ಪ್ರಸ್ತಾವನೆ, ಆದೇಶದ ಸಂಖ್ಯೆ ಎಲ್ಲ ದಾಟಿದ ಮೇಲೆ ವಿಷಯ ಸಿಗುತ್ತದೆ. ಮನೆಯಲ್ಲಿರುವ ತಾಯಿಗೆ ಬೇಕಿರುವುದು ಬೇರೆ: ನಾಳೆ ಮಗುವನ್ನು ಎಷ್ಟು ಹೊತ್ತಿಗೆ ಕಳಿಸಬೇಕು, ಮಾಸ್ಕ್ ಹಾಕಬೇಕಾ, ಊಟ ಕಟ್ಟಬೇಕಾ, ಕಳಿಸದೇ ಇದ್ದರೆ ಹೆಸರು ತೆಗೀತಾರಾ?

ಈ ಪ್ರಶ್ನೆಗಳಿಗೆ ಮೊದಲು ಉತ್ತರ ಕೊಡಿ, ಉಳಿದದ್ದು ಆಮೇಲೆ. ನಾನು ಇಲ್ಲಿ ಬರೆಯುತ್ತಿರುವುದೆಲ್ಲ ಅದನ್ನು ಹೇಗೆ ಮಾಡುವುದು ಅನ್ನುವುದೇ. ಉದಾಹರಣೆಗಳು 2021 ಮತ್ತು 2022ರ ಕರ್ನಾಟಕದ್ದು. ಮುಂದೆ ಯಾವ ಕಾಯಿಲೆಗೆ ಶಾಲೆ ಮುಚ್ಚಿ ತೆರೆದರೂ ಮುಖ್ಯ ಶಿಕ್ಷಕರಿಗೆ, ತರಗತಿ ಶಿಕ್ಷಕರಿಗೆ, ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಇದೇ ಕೆಲಸ ಮತ್ತೆ ಬರುತ್ತದೆ.

ಮೊದಲು ಆ ಆದೇಶ ನಿಮ್ಮ ಶಾಲೆಗೆ ಅನ್ವಯಿಸುತ್ತದೆಯೇ ನೋಡಿ

ಟಿವಿಯಲ್ಲಿ 'ಶಾಲೆ ಶುರು' ಅಂತ ದೊಡ್ಡದಾಗಿ ಬಂದ ಕೂಡಲೇ ಗ್ರೂಪಿಗೆ ಹಾಕಬೇಡಿ. 2021ರ ಆಗಸ್ಟ್ 23ರಂದು 9ನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ತರಗತಿ ಶುರುವಾದಾಗ ಪಾಸಿಟಿವಿಟಿ, ಅಂದರೆ ಪರೀಕ್ಷೆ ಮಾಡಿಸಿದವರಲ್ಲಿ ಸೋಂಕು ಕಂಡವರ ಪ್ರಮಾಣ, ಶೇ. 2ಕ್ಕಿಂತ ಕಡಿಮೆ ಇದ್ದ ಕಡೆ ಮಾತ್ರ ಬಾಗಿಲು ತೆರೆಯಿತು. ಕರಾವಳಿಯೂ ಸೇರಿ ಕೆಲವು ಜಿಲ್ಲೆಗಳು ಕಾಯಬೇಕಾಯಿತು. ಸೆಪ್ಟೆಂಬರ್ 6ಕ್ಕೆ 6ರಿಂದ 8ನೇ ತರಗತಿ, ಅಕ್ಟೋಬರ್ 25ಕ್ಕೆ 1ರಿಂದ 5, ನವೆಂಬರ್ 8ಕ್ಕೆ ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿ. ಒಂದೇ ಮನೆಯಲ್ಲಿ ಅಕ್ಕ 9ನೇ ತರಗತಿ, ತಮ್ಮ 4ನೇ ತರಗತಿ ಇದ್ದರೆ ಇಬ್ಬರ ದಿನಾಂಕದ ನಡುವೆ ಎರಡು ತಿಂಗಳ ಅಂತರ. ಹೊಲಕ್ಕೋ ಗಾರ್ಮೆಂಟ್ಸ್‌ಗೋ ಹೋಗುವ ತಾಯಿ, ತಂದೆ ಇದನ್ನೆಲ್ಲ ಸುದ್ದಿ ನೋಡಿ ಲೆಕ್ಕ ಹಾಕಬೇಕು ಅಂತ ಬಿಟ್ಟುಬಿಡುವುದು ಸರಿಯಲ್ಲ. 'ನಿಮ್ಮ ಮಗು ಇರುವ 4ನೇ ತರಗತಿಗೆ ಇಂಥ ದಿನದಿಂದ' ಅಂತ ತರಗತಿಯ ಹೆಸರು ಹೇಳಿಯೇ ತಿಳಿಸಿ.

ಗಡಿಯ ಕಡೆ ಇನ್ನೊಂದು ತೊಡಕು ಇದೆ. 2022ರ ಏಪ್ರಿಲ್ 2, ಯುಗಾದಿಯ ದಿನ. ಅವತ್ತಿನಿಂದ ಮಹಾರಾಷ್ಟ್ರ ಕೋವಿಡ್ ನಿರ್ಬಂಧಗಳನ್ನು ತೆಗೆದು, ಮಾಸ್ಕ್ ಅವರವರ ಇಷ್ಟ ಅಂತ ಹೇಳಿತು. ನಿಪ್ಪಾಣಿ, ಬೆಳಗಾವಿ ಕಡೆ ಮರಾಠಿ ಚಾನೆಲ್ ನೋಡುವ ಮನೆಗಳು ಎಷ್ಟೋ ಇವೆ, ನೆಂಟರೆಲ್ಲ ಆ ಕಡೆಯೇ. ಆದರೆ ಕರ್ನಾಟಕ ಅದೇ ತಿಂಗಳ ಕೊನೆಗೆ ಮಾಸ್ಕ್ ಹಾಕಲೇಬೇಕು ಅಂತ ಮತ್ತೆ ಆದೇಶ ಮಾಡಿತು. ಇಂಥ ಕಡೆ ಸಂದೇಶದಲ್ಲೇ ಒಂದು ಸಾಲು ಸೇರಿಸಿ: 'ಟಿವಿಯಲ್ಲಿ ಬಂದಿರುವುದು ಪಕ್ಕದ ರಾಜ್ಯದ್ದು, ನಮ್ಮ ಶಾಲೆಗೆ ಹಳೇ ನಿಯಮವೇ ಇದೆ.' ಅನುಮಾನ ಇದ್ದರೆ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಫೋನ್ ಮಾಡಿ ಕೇಳಿ. ಅರ್ಧ ದಿನ ತಡವಾದರೂ ಪರವಾಗಿಲ್ಲ. ಒಮ್ಮೆ ತಪ್ಪು ದಿನಾಂಕ ಹೋಯಿತೆಂದರೆ ಮುಂದಿನ ಸಂದೇಶವನ್ನು ಯಾರೂ ನಂಬುವುದಿಲ್ಲ.

ಸಂದೇಶ ಬರೆಯುವುದು

ಮೊದಲ ಸಾಲಿನಲ್ಲಿ ಯಾರಿಗೆ ಮತ್ತು ಯಾವಾಗಿನಿಂದ. ವಾರದ ಹೆಸರು, ತಾರೀಖು ಎರಡೂ ಇರಲಿ. ಆಮೇಲೆ ಏನು ಬದಲಾಯಿತು, ಅದರ ಹಿಂದೆಯೇ ಏನು ಬದಲಾಗಿಲ್ಲ. ಈ ಎರಡನೆಯದನ್ನು ಬಿಡುವವರೇ ಜಾಸ್ತಿ. ಒಂದು ನಿಯಮ ಹೋಯಿತು ಅಂದರೆ ಜನ ಎಲ್ಲವೂ ಹೋಯಿತು ಅಂತಲೇ ತಿಳಿಯುತ್ತಾರೆ, ಅದು ಸಹಜ ಅಲ್ವಾ? 2022ರ ಮಾರ್ಚ್ 31ಕ್ಕೆ ಕೇಂದ್ರ ಸರ್ಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೋವಿಡ್ ಆದೇಶಗಳನ್ನು ನಿಲ್ಲಿಸಿತು, ಆದರೆ ಮಾಸ್ಕ್ ಮತ್ತು ಕೈ ತೊಳೆಯುವುದು ಮುಂದುವರಿಯಲಿ ಅಂತಲೇ ಹೇಳಿತ್ತು. ಎಷ್ಟೋ ಮನೆಗಳಿಗೆ ತಲುಪಿದ್ದು ಮೊದಲ ಅರ್ಧ ಮಾತ್ರ.

2021ರ ಅಕ್ಟೋಬರ್‌ನಲ್ಲಿ ಚಿಕ್ಕ ಮಕ್ಕಳ ಮನೆಗೆ ಹೋಗಬೇಕಿದ್ದ ಸಂದೇಶ ಹೀಗಿದ್ದರೆ ಸಾಕು:

'1ರಿಂದ 5ನೇ ತರಗತಿ ಮಕ್ಕಳ ಮನೆಯವರಿಗೆ ನಮಸ್ಕಾರ. ಅಕ್ಟೋಬರ್ 25, ಸೋಮವಾರದಿಂದ ಶಾಲೆ ಶುರು. ಮೊದಲ ವಾರ ಮಧ್ಯಾಹ್ನದವರೆಗೆ ಮಾತ್ರ. ಪೂರ್ತಿ ದಿನ ಯಾವಾಗಿನಿಂದ ಅಂತ ಶನಿವಾರ ಮತ್ತೆ ತಿಳಿಸುತ್ತೇವೆ. ಮಗುವಿಗೆ ಮಾಸ್ಕ್ ಹಾಕಿ ಕಳಿಸಿ, ಕುಡಿಯುವ ನೀರು ಮನೆಯಿಂದಲೇ ಕೊಡಿ. ನಿಮ್ಮ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಬರೆಯಲು ಆಗದಿದ್ದರೆ ಶಾಲೆಗೆ ಬನ್ನಿ, ನಾವೇ ಬರೆದುಕೊಡುತ್ತೇವೆ, ಹೆಬ್ಬೆಟ್ಟು ಒತ್ತಿದರೂ ಆಯಿತು. ಕಳಿಸಲು ಇನ್ನೂ ಧೈರ್ಯ ಬರದಿದ್ದರೆ ಬಲವಂತ ಇಲ್ಲ, ಮಗುವಿನ ಹೆಸರು ತೆಗೆಯುವುದಿಲ್ಲ. ಜ್ವರ, ಕೆಮ್ಮು, ನೆಗಡಿ ಇದ್ದರೆ ಮನೆಯಲ್ಲೇ ಇರಲಿ. ಏನಾದರೂ ಕೇಳುವುದಿದ್ದರೆ ಸಂಜೆ 5ರಿಂದ 6ರ ಒಳಗೆ ತರಗತಿ ಮೇಡಂಗೆ ಫೋನ್ ಮಾಡಿ.'

ನೋಡಿ, ಇದರಲ್ಲಿ 'ಎಸ್‌ಒಪಿ' (ಮಾರ್ಗಸೂಚಿ) ಅನ್ನುವ ಮಾತಿಲ್ಲ, 'ಭೌತಿಕ ತರಗತಿ' ಇಲ್ಲ, 'ಸಾಮಾಜಿಕ ಅಂತರ' ಇಲ್ಲ. ಅಂತರದ ನಿಯಮ ಇದ್ದರೆ 'ಬೆಂಚಿಗೆ ಇಬ್ಬರು' ಅಂತ ಬರೆಯಿರಿ. ಹಾಗೇ 'ಬಲವಂತ ಇಲ್ಲ' ಅಂತ ಬರೆದ ಮೇಲೆ ಮರುದಿನ ಫೋನ್ ಮಾಡಿ 'ಯಾಕೆ ಕಳಿಸಿಲ್ಲ' ಅಂತ ಗದರಿಸಬಾರದು. ಬರೆದದ್ದಕ್ಕೆ ಇಡೀ ಶಾಲೆ ಬದ್ಧವಾಗಿರಬೇಕು. ಆದ್ದರಿಂದ ಕಳಿಸುವ ಮೊದಲು ಎಲ್ಲ ಶಿಕ್ಷಕರೂ, ಅಡುಗೆಯವರೂ, ವ್ಯಾನ್ ಡ್ರೈವರೂ ಅದನ್ನು ಒಮ್ಮೆ ಓದಿರಲಿ. ಪೋಷಕರು ಎಷ್ಟೋ ಸಲ ಮೊದಲು ಕೇಳುವುದು ವ್ಯಾನ್ ಡ್ರೈವರನ್ನೇ.

ಊಟದ ವಿಷಯಕ್ಕೆ ಬೇರೆಯೇ ಸಾಲು ಬೇಕು. ಮೊದಲ ಲಾಕ್‌ಡೌನ್ ಕಾಲಕ್ಕೆ ನಿಂತ ಬಿಸಿಯೂಟ ಮತ್ತೆ ಶುರುವಾದದ್ದು 2021ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಮನೆಗೆ ಅಕ್ಕಿ, ಬೇಳೆ ಕೊಡುತ್ತಿದ್ದರು. ಕೂಲಿ ಇಲ್ಲದ ದಿನಗಳಲ್ಲಿ ಆ ಅಕ್ಕಿ ಕೆಲವು ಮನೆಗಳಿಗೆ ದೊಡ್ಡ ಆಸರೆ. ಬಿಸಿಯೂಟ ಇಂಥ ದಿನದಿಂದ, ತಟ್ಟೆ ಲೋಟ ಮನೆಯಿಂದ ತರಬೇಕೋ ಬೇಡವೋ, ಮನೆಗೆ ಕೊಡುವ ಅಕ್ಕಿ ಯಾವ ತಿಂಗಳವರೆಗೆ ಸಿಗುತ್ತದೆ, ಈ ಮೂರನ್ನೂ ಒಟ್ಟಿಗೇ ಹೇಳಿಬಿಡಿ. ಆಮೇಲೆ ರೇಷನ್ ಕೇಳಲು ಬಂದವರನ್ನು ಬಾಗಿಲಿಂದ ವಾಪಸ್ ಕಳಿಸುವ ಹಾಗೆ ಆಗಬಾರದು. ಅವರಿಗೆ ಅದು ಅವಮಾನ.

ತಲುಪಿಸುವುದು

ಬರೆದದ್ದಕ್ಕಿಂತ ಹೇಳಿದ್ದು ಜಾಸ್ತಿ ಮನೆ ತಲುಪುತ್ತದೆ. ಬರಹದ ಜೊತೆಗೆ ಅದೇ ಮಾತನ್ನು ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಹಾಕಿ. ಓದಲು ಬಾರದ ಅಜ್ಜಿಯೂ ಕೇಳಿಸಿಕೊಳ್ಳುತ್ತಾರೆ, ಮಕ್ಕಳಿಗೂ ತಮ್ಮ ಟೀಚರ್ ದನಿ ಕೇಳಿದರೆ ಖುಷಿ. ಧ್ವನಿ ನಿಮ್ಮದೇ ಇರಲಿ, ಮುಖ್ಯ ಶಿಕ್ಷಕರದ್ದೇ ಆಗಬೇಕು ಅಂತಿಲ್ಲ. ಕಳಿಸುವ ಹೊತ್ತು ಸಂಜೆ ಏಳರ ಮೇಲೆ, ಯಾಕೆಂದರೆ ಮನೆಗೆ ಇರುವ ಒಂದೇ ಸ್ಮಾರ್ಟ್‌ಫೋನ್ ಹಗಲೆಲ್ಲ ಅಪ್ಪನ ಜೇಬಿನಲ್ಲಿ ಕೆಲಸದ ಜಾಗದಲ್ಲಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಾಕಿದ್ದು ರಾತ್ರಿಯೊಳಗೆ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿರುತ್ತದೆ.

ಮನೆಮಾತು ಕನ್ನಡ ಅಲ್ಲದ ಮಕ್ಕಳು ನಮ್ಮ ಶಾಲೆಗಳಲ್ಲಿ ಕಡಿಮೆ ಏನಿಲ್ಲ. ಉರ್ದು, ತೆಲುಗು, ತಮಿಳು, ಲಂಬಾಣಿ ಆಡುವ ಮನೆಗಳಿವೆ. ಅದೇ ಭಾಷೆ ಆಡುವ ಒಬ್ಬ ತಾಯಿಯನ್ನೋ ಹಳೇ ವಿದ್ಯಾರ್ಥಿಯನ್ನೋ ಕರೆದು ಅವರ ದನಿಯಲ್ಲೇ ಹೇಳಿಸಿ. ತಾಂಡಾಕ್ಕೆ ತಾಂಡಾದವರೇ ಹೇಳಿದರೆ ನಂಬಿಕೆ ಬೇರೆ.

ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ. ಹಳ್ಳಿಯಲ್ಲಾದರೆ ಹಾಲಿನ ಡೇರಿ ಗೋಡೆಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅಲ್ಲಿ ಜನ ಸಾಲು ನಿಲ್ಲುತ್ತಾರೆ. ರೇಷನ್ ಅಂಗಡಿ ಇನ್ನೊಂದು ಒಳ್ಳೇ ಜಾಗ. ಪಂಚಾಯ್ತಿಯವರನ್ನು ಕೇಳಿ ಕಸದ ಗಾಡಿಯ ಮೈಕಿನಲ್ಲಿ ಹೇಳಿಸಬಹುದು, ಮಸೀದಿ ದೇವಸ್ಥಾನದವರೂ ಕೇಳಿದರೆ ಇಲ್ಲ ಅನ್ನುವುದಿಲ್ಲ. ಆಶಾ ಕಾರ್ಯಕರ್ತೆಗೆ ಒಂದು ಪ್ರತಿ ಕೊಡಲೇಬೇಕು. ಆರೋಗ್ಯದ ವಿಷಯ ಅಂದ ಕೂಡಲೇ ಊರು ಕೇಳುವುದು ಅವರನ್ನೇ, ಶಾಲೆ ಒಂದು ಹೇಳಿ ಅವರು ಇನ್ನೊಂದು ಹೇಳಿದರೆ ಎರಡೂ ಮಾತು ಬಿದ್ದುಹೋಗುತ್ತವೆ.

ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿರುವ ಯಾದಗಿರಿ, ರಾಯಚೂರು ಕಡೆಯ ಮನೆಗಳಿಗೆ ಇದ್ಯಾವುದೂ ಮುಟ್ಟುವುದಿಲ್ಲ. ಅವರಿಗೆ ಫೋನೇ ಮಾಡಬೇಕು. ಮಗು ಈಗ ಎಲ್ಲಿದೆ, ಅಲ್ಲೇ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಬಹುದಾ ಅಂತ ಅದೇ ಕರೆಯಲ್ಲಿ ಕೇಳಿ.

ಹೆದರಿದವರ ಜೊತೆ ಮಾತು

ನಿಯಮ ಸಡಿಲವಾದ ದಿನ ಎಲ್ಲರೂ ಖುಷಿಯಾಗುತ್ತಾರೆ ಅಂದುಕೊಳ್ಳಬೇಡಿ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು, ಡಯಾಲಿಸಿಸ್ ಮಾಡಿಸುವವರು ಇರುತ್ತಾರೆ. ಅಂಥ ತಾಯಿ ಫೋನ್ ಮಾಡಿ, 'ಮೇಡಂ, ಮಾಸ್ಕ್ ಕಡ್ಡಾಯ ಇಲ್ಲ ಅಂತ ಹಾಕಿದ್ದೀರಿ. ನಮ್ಮತ್ತೆಗೆ ಹುಷಾರಿಲ್ಲ, ನಾನು ಮಗಳಿಗೆ ಹಾಕಿಯೇ ಕಳಿಸ್ತೀನಿ, ಅಲ್ಲಿ ಯಾರೂ ತೆಗೆಸಬಾರದು' ಅಂದರೆ ವಾದ ಬೇಡ. 'ಖಂಡಿತ ಹಾಕಿ ಕಳಿಸಿ ಅಮ್ಮ. ಯಾರೂ ಏನೂ ಅನ್ನದ ಹಾಗೆ ನಾನು ನೋಡ್ಕೋತೀನಿ. ಊಟದ ಹೊತ್ತಿಗೆ ತೆಗೆದಿಡೋಕೆ ಒಂದು ಸಣ್ಣ ಕವರ್ ಕೊಟ್ಟಿರಿ' ಅಂತ ಹೇಳಿ. ಆಮೇಲೆ ನಿಜವಾಗಿಯೂ ತರಗತಿಯಲ್ಲಿ ಆ ಮಾತು ಆಡಿ: ಹಾಕುವವರನ್ನೂ ಹಾಕದವರನ್ನೂ ಯಾರೂ ಆಡಿಕೊಳ್ಳಬಾರದು. ಸಂದೇಶದಲ್ಲೂ 'ಇಷ್ಟ ಇದ್ದವರು ಹಾಕಬಹುದು, ಶಾಲೆ ಅದನ್ನು ಗೌರವಿಸುತ್ತದೆ' ಅಂತ ಇರಲಿ.

ಲಸಿಕೆ ಬಗ್ಗೆ ಕೇಳೇ ಕೇಳುತ್ತಾರೆ. 15ರಿಂದ 18 ವರ್ಷದವರಿಗೆ 2022ರ ಜನವರಿ 3ರಿಂದ ಕೊವ್ಯಾಕ್ಸಿನ್, 12ರಿಂದ 14ರವರಿಗೆ ಮಾರ್ಚ್ 16ರಿಂದ ಕಾರ್ಬೆವ್ಯಾಕ್ಸ್ ಕೊಟ್ಟರು. ಲಸಿಕೆ ಹಾಕಿಸಿದರೆ ಒಳ್ಳೆಯದು ಅಂತ ಗಟ್ಟಿಯಾಗಿ ಹೇಳಿ, ಯಾವ ಆರೋಗ್ಯ ಕೇಂದ್ರದಲ್ಲಿ, ಯಾವ ದಿನ ಅನ್ನುವುದನ್ನೂ ಹೇಳಿ. ಆದರೆ ಯಾವ ಮಗು ಹಾಕಿಸಿಲ್ಲ ಅನ್ನುವ ಪಟ್ಟಿಯನ್ನು ಗ್ರೂಪಿಗೆ ಹಾಕುವುದು, ತರಗತಿಯಲ್ಲಿ ಎದ್ದು ನಿಲ್ಲಿಸುವುದು ಬೇಡವೇ ಬೇಡ.

ಇನ್ನು, ತೀರಿಕೊಂಡವರ ಮನೆಗಳು. ಎರಡನೇ ಅಲೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳು ನಮ್ಮ ತರಗತಿಗಳಲ್ಲೇ ಕೂತಿದ್ದರು. ಅಂಥ ಮನೆಯ ಫೋನಿಗೆ 'ಕೊರೊನಾ ಹೋಯ್ತು, ಸಂಭ್ರಮಿಸೋಣ' ಅನ್ನುವ ಬಲೂನಿನ ಚಿತ್ರ ಹೋದರೆ ಹೇಗಿರುತ್ತದೆ ಯೋಚಿಸಿ. ಶಾಲೆ ತೆರೆಯುವುದು ಸಂತೋಷದ ವಿಷಯವೇ, ಹಬ್ಬದ ಹಾಗೆ ತೋರಣ ಕಟ್ಟಿ, ಮಕ್ಕಳಿಗೆ ಹೂ ಕೊಟ್ಟು ಒಳಗೆ ಕರೆದುಕೊಳ್ಳಿ. ಆದರೆ ಸಂದೇಶದ ಮಾತು ತಗ್ಗಿನಲ್ಲಿರಲಿ. ಈ ಮನೆಗಳಿಗೆ ಗ್ರೂಪ್ ಸಂದೇಶಕ್ಕೆ ಮೊದಲೇ ಒಂದು ಕರೆ ಮಾಡಿ, ಸಾಧ್ಯವಾದರೆ ಹೋಗಿ ಬನ್ನಿ. ಮಗುವಿನ ಹತ್ತಿರ ಏನು ಮಾತಾಡಬೇಕು, ಏನು ಬೇಡ ಅಂತ ಮನೆಯವರನ್ನೇ ಕೇಳಿ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ಘೋಷಣೆಯಾಗಿತ್ತು. ಇಂಥ ನೆರವಿನ ಅರ್ಜಿಗೆ ಶಾಲೆಯಿಂದ ಏನಾದರೂ ಪತ್ರ ಬೇಕಾದರೆ ಅವರನ್ನು ಓಡಾಡಿಸದೆ ಅವತ್ತೇ ಬರೆದುಕೊಡಿ.

ನಿಯಮ ಮತ್ತೆ ಬಿಗಿಯಾಗಬಹುದು, ಅದನ್ನು ಮೊದಲೇ ಹೇಳಿ

2021ರ ಕೊನೆಗೆ ಎಲ್ಲ ತರಗತಿಯೂ ನಡೆಯುತ್ತಿತ್ತು. ಓಮೈಕ್ರಾನ್ ಬಂದು 2022ರ ಜನವರಿ 6ರಿಂದ ಬೆಂಗಳೂರಿನಲ್ಲಿ 9ನೇ ತರಗತಿವರೆಗೆ ಮತ್ತೆ ಬಾಗಿಲು ಹಾಕಿದರು, ತೆರೆದದ್ದು 31ಕ್ಕೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಶಾಲೆಗಳಿಗೆ ಮಾಸ್ಕ್ ಮತ್ತೆ ಬಂತು. 'ಇನ್ಮೇಲೆ ಯಾವ ನಿಯಮವೂ ಇಲ್ಲ' ಅಂತ ಬರೆದಿದ್ದ ಶಾಲೆ ಆಗ ಏನು ಹೇಳಬೇಕು? ಪ್ರತಿ ಸಂದೇಶದ ಕೊನೆಗೆ 'ಇದು ಇವತ್ತಿನ ನಿಯಮ. ಬದಲಾದರೆ ಅದೇ ದಿನ ಸಂಜೆ ಇಲ್ಲೇ ತಿಳಿಸುತ್ತೇವೆ' ಅಂತ ಸೇರಿಸಿ. ಹೊಸದನ್ನು ಗ್ರೂಪಿನಲ್ಲಿ ಪಿನ್ ಮಾಡಿ, ಹಳೇ ಕಾಗದವನ್ನು ಡೇರಿ ಗೋಡೆಯಿಂದ ಕಿತ್ತುಬಿಡಿ. ಎರಡು ತಾರೀಖಿನ ಎರಡು ಕಾಗದ ಅಕ್ಕಪಕ್ಕ ಇರಬಾರದು.

ತೆರೆದ ವಾರದಲ್ಲೇ ಒಂದು ಮಗುವಿಗೆ ಪಾಸಿಟಿವ್ ಬಂದರೆ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಗಾಳಿಸುದ್ದಿ ಊರು ಸುತ್ತುತ್ತದೆ. '5ನೇ ತರಗತಿಯ ಒಂದು ಮಗುವಿಗೆ ಪಾಸಿಟಿವ್ ಬಂದಿದೆ, ಮನೆಯಲ್ಲೇ ಆರೈಕೆ ನಡೆಯುತ್ತಿದೆ. ಆರೋಗ್ಯ ಕೇಂದ್ರದವರು ಹೇಳಿದಂತೆ ಇಷ್ಟು ಮಾಡುತ್ತಿದ್ದೇವೆ, ನೀವು ಇಷ್ಟು ಗಮನಿಸಿ.' ಇಷ್ಟೇ. ಹೆಸರು ಬೇಡ, ಬೀದಿ ಬೇಡ, 'ಇಂಥವರ ಮೊಮ್ಮಗ' ಅನ್ನುವ ಸುಳಿವೂ ಬೇಡ. ಗ್ರೂಪಿನಲ್ಲಿ ಯಾರಾದರೂ ಹೆಸರು ಹಾಕಿದರೆ ತಕ್ಷಣ ಅಳಿಸಿ, ಹಾಕಿದವರಿಗೆ ಬೇರೆಯಾಗಿ ಫೋನ್ ಮಾಡಿ ತಿಳಿಸಿ ಹೇಳಿ. ವಾಸಿಯಾಗಿ ಬರುವ ಮಗುವಿನ ಪಕ್ಕ ಮೊದಲ ದಿನ ಯಾರು ಕೂರುತ್ತಾರೆ ಅನ್ನುವುದನ್ನೂ ತರಗತಿ ಶಿಕ್ಷಕರು ಮುಂಚೆಯೇ ನೋಡಿಕೊಂಡಿರಲಿ.

ಕೊನೆಗೆ ಒಂದು ಕೆಲಸ ಉಳಿಯುತ್ತದೆ. ಹಾಜರಿ ಪುಸ್ತಕದ ಹೆಸರುಗಳನ್ನು ಒಂದು ಹಾಳೆಗೆ ಬರೆದುಕೊಂಡು, ವಿಷಯ ತಲುಪಿದೆ ಅಂತ ಖಾತ್ರಿಯಾದ ಮನೆಗೆ ಮಾತ್ರ ಟಿಕ್ ಹಾಕಿ. ವಾಟ್ಸಾಪ್‌ನ ನೀಲಿ ಗುರುತು ಖಾತ್ರಿಯಲ್ಲ, ಫೋನ್ ಹಿಡಿದದ್ದು ಮಗುವೇ ಇರಬಹುದು. ಎರಡನೇ ದಿನ ಸಂಜೆಗೆ ಟಿಕ್ ಇಲ್ಲದ ಹೆಸರುಗಳನ್ನು ಶಿಕ್ಷಕರೂ ಎಸ್‌ಡಿಎಂಸಿಯವರೂ ಹಂಚಿಕೊಂಡು ಫೋನ್ ಮಾಡಿ. ಫೋನ್ ಹತ್ತದಿದ್ದರೆ ಅದೇ ಬೀದಿಯ ಇನ್ನೊಂದು ಮಗುವಿನ ಮನೆಯವರ ಕೈಲಿ ಹೇಳಿ ಕಳಿಸಿ, ಶಾಲೆ ಶುರುವಾಗುವ ಹಿಂದಿನ ದಿನ ನೀವೇ ಒಮ್ಮೆ ಆ ಬೀದಿಗೆ ಹೋಗಿ ಬನ್ನಿ.