ಯಾವ ಊರಿನ ಪಿಜ್ಜಾ ಚೆನ್ನ? ಈ ವಾದ ಮಾಡುವ ಸರಿಯಾದ ಬಗೆ

ಹನ್ನೊಂದು ವರ್ಷದಿಂದ ನನಗೂ ನನ್ನ ಷಡ್ಡಕರಿಗೂ ಒಂದೇ ವಾದ. ಅವರಿರುವುದು ಶಿಕಾಗೋದಲ್ಲಿ. ನನ್ನ ಮನೆ ನ್ಯೂಜೆರ್ಸಿ, ಕೆಲಸ ನ್ಯೂಯಾರ್ಕ್. ಯಾರ ಮನೆಯಲ್ಲಿ ಸೇರಿದರೂ ರಾತ್ರಿ ಊಟ ಮುಗಿಯುವ ಹೊತ್ತಿಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಯಾವ ಊರಿನ ಪಿಜ್ಜಾ ಚೆನ್ನ? ಮೊದಲ ನಾಲ್ಕೈದು ವರ್ಷ ಇಬ್ಬರೂ ಸುಮ್ನೆ ದನಿ ಏರಿಸಿದ್ದೇ ಬಂತು. ಅವರು ನಮ್ಮ ನ್ಯೂಯಾರ್ಕಿನ ಸ್ಲೈಸನ್ನು, ಅಂದರೆ ತುಂಡು ಲೆಕ್ಕದಲ್ಲಿ ಮಾರುವ ತೆಳು ಪಿಜ್ಜಾವನ್ನು, ರಟ್ಟು ಅಂದರು. ನಾನು ಅವರ ಡೀಪ್ ಡಿಶ್, ಅಂದರೆ ಆಳದ ತಟ್ಟೆಯಲ್ಲಿ ಬೇಯಿಸುವ ದಪ್ಪನೆಯದು, ಪಿಜ್ಜಾನೇ ಅಲ್ಲ ಅಂದೆ. ಆಮೇಲೆ ಕೂತು ಒಂದಿಷ್ಟು ನಿಯಮ ಮಾಡಿಕೊಂಡೆವು. ಅಂದಿನಿಂದ ಈ ವಾದಕ್ಕೆ ನಿಜವಾದ ರುಚಿ ಬಂದಿದೆ. ನಾನು ಎರಡು ಸಲ ಸೋತಿದ್ದೇನೆ, ಅವರು ಒಂದು ಸಲ. ನಿಮ್ಮ ಮನೆಯಲ್ಲೂ ಇಂಥ ಜಗಳ ಇದ್ದರೆ ಈ ನಿಯಮಗಳು ಉಪಯೋಗಕ್ಕೆ ಬರಬಹುದು.

ಊರಿನ ಹೆಸರು ಸಾಲದು, ಯಾವ ಪಿಜ್ಜಾ ಅಂತ ಹೇಳಿ

ನಾನು ಮೊದಲ ಸಲ ಸೋತಿದ್ದು ಇಲ್ಲೇ. ಶಿಕಾಗೋ ಅಂದರೆ ಹೊರಗಿನವರಿಗೆಲ್ಲ ಡೀಪ್ ಡಿಶ್. 1943ರಲ್ಲಿ ಪಿಜ್ಜೇರಿಯಾ ಊನೋ ಅನ್ನುವ ಅಂಗಡಿ ಶುರುವಾದಾಗಿನಿಂದ ಆ ಊರಿಗೆ ಅದೇ ಗುರುತು. ನಾನೂ ಅದನ್ನೇ ಹಿಡಿದು ಬೈಯುತ್ತಿದ್ದೆ. ಒಂದು ಚಳಿಗಾಲದಲ್ಲಿ ಅವರ ಮನೆಗೆ ಹೋದೆ. "ಬನ್ನಿ, ನಾವು ವಾರವಾರ ತಿನ್ನೋದು ಏನು ಅಂತ ತೋರಿಸ್ತೀನಿ" ಅಂತ ಮನೆ ಹತ್ತಿರದ ಒಂದು ಹಳೇ ಬಾರಿಗೆ ಕರೆದುಕೊಂಡು ಹೋದರು. ಬಂದದ್ದು ಹಪ್ಪಳದಷ್ಟು ತೆಳುವಾದ, ಗುಂಡಗಿನ ಪಿಜ್ಜಾ. ಅದನ್ನು ತ್ರಿಕೋನವಾಗಿ ಕೊಯ್ದಿರಲಿಲ್ಲ, ಚೌಕ ಚೌಕ ತುಂಡು ಮಾಡಿದ್ದರು. ಟ್ಯಾವರ್ನ್ ಸ್ಟೈಲ್ ಅಂತ ಹೆಸರು. ನಡುವಿನ ತುಂಡುಗಳಿಗೆ ಅಂಚೇ ಇಲ್ಲ. ಪಕ್ಕದಲ್ಲಿ ಹೆಬ್ಬೆರಳಷ್ಟೇ ಇರುವ ಮುಮ್ಮೂಲೆ ತುಂಡುಗಳು ಉಳಿಯುತ್ತವೆ. ಅವು ಎಲ್ಲಕ್ಕಿಂತ ಗರಿಗರಿ, ಅವಕ್ಕೇ ಮಕ್ಕಳ ಕಿತ್ತಾಟ. ನಾನು ಅಂಥ ಆರು ತುಂಡು ತಿಂದೆ. ಅಲ್ಲಿವರೆಗೆ ನಾನು ಶಿಕಾಗೋ ಬಗ್ಗೆ ಆಡಿದ ಮಾತೆಲ್ಲ ಅರ್ಧ ಊರಿನ ಬಗ್ಗೆ ಮಾತ್ರ ಆಗಿತ್ತು.

ಬೇರೆ ಊರುಗಳೂ ಹೀಗೇ. ನ್ಯೂಯಾರ್ಕಿನಲ್ಲಿ ಎರಡು ಬಗೆ. ಒಂದು 1905ರ ಲೊಂಬಾರ್ಡೀಸ್ ಅಂಗಡಿಯ ಕಾಲದಿಂದ ಬಂದ ಕಲ್ಲಿದ್ದಲು ಒಲೆಯ ಇಡೀ ಪಿಜ್ಜಾ. ಇನ್ನೊಂದು ಗ್ಯಾಸ್ ಓವನ್ನಿನ ಸ್ಲೈಸ್, ಬೀದಿಯಲ್ಲಿ ನಿಂತು ತಿನ್ನುವಂಥದ್ದು. ರೋಮಿನಲ್ಲಿ ದೊಡ್ಡ ತಟ್ಟೆಯಲ್ಲಿ ಬೇಯಿಸಿ, ಕತ್ತರಿಯಿಂದ ಕತ್ತರಿಸಿ, ತೂಕ ಹಾಕಿ ಮಾರುವ ಪಿಜ್ಜಾ ಇದೆ. ತೆಳ್ಳಗಿನ ಗುಂಡು ಪಿಜ್ಜಾನೂ ಇದೆ. ಡೆಟ್ರಾಯ್ಟ್‌ನದು ಆಯತಾಕಾರ. ಕಾರ್ ಕಾರ್ಖಾನೆಯಲ್ಲಿ ಬಿಡಿಭಾಗ ಇಡುತ್ತಿದ್ದ ಉಕ್ಕಿನ ತಟ್ಟೆಯಲ್ಲಿ 1946ರಲ್ಲಿ ಬಡ್ಡೀಸ್ ಅಂಗಡಿಯವರು ಶುರು ಮಾಡಿದ್ದು. ಚೀಸ್ ತಟ್ಟೆಯ ಅಂಚಿನವರೆಗೂ ಹೋಗಿ ಸೀದು ಕರಿಗಂದು ಗೋಡೆ ಕಟ್ಟುತ್ತದೆ, ಸಾಸ್ ಮೇಲೆ ಬರುತ್ತದೆ. ಬ್ಯೂನಸ್ ಐರಿಸ್‌ನಲ್ಲಿ ಈರುಳ್ಳಿ, ಚೀಸ್ ತುಂಬಿದ ದಪ್ಪನೆಯ ಫುಗಸೆಟಾ. ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಟ್ಟರೆ ನ್ಯಾಯ ಆಗಲ್ಲ. ತೆಳು ಇದ್ದರೆ ತೆಳುವಿನ ಜೊತೆ ಹೋಲಿಸಿ, ತಟ್ಟೆಯದಾದರೆ ತಟ್ಟೆಯದರ ಜೊತೆ.

ಒಲೆ ಅರ್ಥವಾದರೆ ಅರ್ಧ ಜಗಳ ಮುಗಿಯುತ್ತದೆ

ನನಗೆ ಇದು ತಿಳಿದದ್ದು ಮನೆಯಲ್ಲಿ ಕೆಟ್ಟ ಪಿಜ್ಜಾ ಮಾಡಿ ಮಾಡಿ. ಇಟಲಿಯ ನೇಪಲ್ಸ್ ಬಗೆಯ ಹಿಟ್ಟಿಗೆ ನಾಲ್ಕೇ ಸಾಮಾನು: ಗೋಧಿ ಹಿಟ್ಟು, ನೀರು, ಉಪ್ಪು, ಯೀಸ್ಟ್. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಅಲ್ಲಿನ ಸೌದೆ ಒಲೆ ಸುಮಾರು 430ರಿಂದ 485 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪಿಜ್ಜಾ ಒಳಗೆ ಇರುವುದು 60ರಿಂದ 90 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಅಂಚು ಉಬ್ಬಿ, ಮೇಲೆ ಚಿರತೆ ಮೈಯಂತೆ ಕಪ್ಪು ಚುಕ್ಕೆ ಬಿದ್ದಿರುತ್ತದೆ. ಹಿಟ್ಟಿನ ಒಳಗಿನ ನೀರು ಹೊರಗೆ ಹೋಗಲು ಹೊತ್ತೇ ಸಿಕ್ಕಿರಲ್ಲ. ಅದಕ್ಕೇ ಅದು ಅಷ್ಟು ಮೆತ್ತಗೆ. ಅದೇ ಹಿಟ್ಟನ್ನು ನನ್ನ ಮನೆಯ ಓವನ್ನಿನಲ್ಲಿ 260 ಡಿಗ್ರಿಗೆ ಇಟ್ಟೆ. ಒಂಬತ್ತು ನಿಮಿಷ ಹಿಡಿಯಿತು. ನೀರೆಲ್ಲ ಆರಿ ಹಲ್ಲಿಗೆ ಬಗ್ಗದ ಹಾಗೆ ಗಟ್ಟಿ ಆಯಿತು. ಬಣ್ಣ ಮಾತ್ರ ಬಿಳಿಚಿಕೊಂಡೇ ಇತ್ತು.

ನ್ಯೂಯಾರ್ಕಿನ ಗ್ಯಾಸ್ ಓವನ್ 300 ಡಿಗ್ರಿಯ ಆಸುಪಾಸು. ಆ ಶಾಖಕ್ಕೆ ಬಣ್ಣ ಬರಲಿ, ಒಳಗೆ ಮೆತ್ತಗೆ ಉಳಿಯಲಿ ಅಂತ ಹಿಟ್ಟಿಗೆ ಸ್ವಲ್ಪ ಎಣ್ಣೆ, ಎಷ್ಟೋ ಕಡೆ ಚಿಟಿಕೆ ಸಕ್ಕರೆ ಹಾಕುತ್ತಾರೆ. ಚೀಸ್ ಕೂಡ ಬೇರೆ. ನೇಪಲ್ಸ್‌ನ ಹಸಿ ಮೊಝರೆಲ್ಲಾ ಅಷ್ಟು ಹೊತ್ತು ಬೆಂದರೆ ನೀರು ಬಿಟ್ಟುಕೊಂಡು ತಳ ನೆನೆಯುತ್ತದೆ. ಹಾಗಾಗಿ ನೀರಿನಂಶ ಕಡಿಮೆ ಇರುವ ಮೊಝರೆಲ್ಲಾ. ಶಿಕಾಗೋದ ಡೀಪ್ ಡಿಶ್ ಅರ್ಧ ಗಂಟೆಗೂ ಜಾಸ್ತಿ ಬೇಯಬೇಕು. ಅಷ್ಟು ಹೊತ್ತು ಚೀಸ್ ಮೇಲಿದ್ದರೆ ಸುಟ್ಟು ಹೋಗುತ್ತದೆ ಅಲ್ವಾ? ಅದಕ್ಕೇ ಚೀಸ್ ಕೆಳಗೆ, ಟೊಮೆಟೊ ಮೇಲೆ. ನಾನು ವರ್ಷಗಟ್ಟಲೆ "ತಲೆಕೆಳಗು" ಅಂತ ದೂರಿದ್ದಕ್ಕೆ ಇಷ್ಟು ಸರಳ ಕಾರಣ ಇತ್ತು.

ಹಾಗಾಗಿ ಯಾರಾದರೂ "ನೇಪಲ್ಸ್ ಪಿಜ್ಜಾ ನಡುವೆ ನೀರು ನೀರು" ಅಂತ ದೂರಿದರೆ, ಅದು ಆ ಊರಿನ ತಪ್ಪಲ್ಲ ಅಂತ ಹೇಳಿ. ಟೊಮೆಟೊ, ಚೀಸ್, ಎಣ್ಣೆ ಒಂದೂವರೆ ನಿಮಿಷದಲ್ಲಿ ಆರುವುದಿಲ್ಲ. ಅದು ಹಾಗೇ ಇರಬೇಕಾದ ಪಿಜ್ಜಾ. ಆದರೆ ನ್ಯೂಯಾರ್ಕ್ ಸ್ಲೈಸಿನ ತಳ ಒದ್ದೆಯಾಗಿದ್ದರೆ ಅದು ತಪ್ಪೇ.

ಓವನ್ನಿನಿಂದ ಬಾಯಿಗೆ ಎಷ್ಟು ನಿಮಿಷ?

ಇದು ನಮ್ಮ ನಿಯಮಗಳಲ್ಲೇ ತುಂಬ ಮುಖ್ಯ, ಮತ್ತು ನಾನು ಎರಡನೇ ಸಲ ಸೋತದ್ದು ಇದರಲ್ಲಿ. ನಾನು ಮೊದಲು ಡೀಪ್ ಡಿಶ್ ತಿಂದದ್ದು ಪಾರ್ಸೆಲ್‌ನಲ್ಲಿ ಬಂದದ್ದು. ಹೆಪ್ಪುಗಟ್ಟಿಸಿ ಕಳಿಸಿದ್ದನ್ನು ಮನೆಯಲ್ಲಿ ಬಿಸಿ ಮಾಡಿದೆ. ಅಂಚು ಸುಟ್ಟಿತು, ನಡುವೆ ತಣ್ಣಗೆ ಉಳಿಯಿತು. ಇಷ್ಟೇನಾ ಅಂತ ತೀರ್ಮಾನ ಮಾಡಿಬಿಟ್ಟೆ. ಮುಂದೆ ಶಿಕಾಗೋದ ಅಂಗಡಿಯಲ್ಲೇ ಕೂತು, ನಲವತ್ತು ನಿಮಿಷ ಕಾದು ತಿಂದಾಗ ಬೇರೆಯೇ ವಸ್ತು. ಚಾಕು ಹಾಕಿದಾಗ ತಳ ಬಿಸ್ಕತ್ತಿನಂತೆ ಪುಡಿಯಾಯಿತು. ಜಜ್ಜಿದ ಟೊಮೆಟೊ ತುಂಡುಗಳು ಹುಳಿ ಹುಳಿಯಾಗಿ, ಕೆಳಗಿನ ಚೀಸಿನ ಜಿಡ್ಡನ್ನು ಸರಿಯಾಗಿ ಕಡಿಯುತ್ತಿದ್ದವು. ನಾನು ಅಲ್ಲೇ ಷಡ್ಡಕರಿಗೆ "ನನ್ನ ಹಳೇ ಮಾತು ವಾಪಸ್" ಅಂದೆ.

ಅವರು ಸೋತದ್ದೂ ಇದರಲ್ಲೇ. ನ್ಯೂಯಾರ್ಕ್ ಸ್ಲೈಸ್ ರಟ್ಟು ಅಂದಿದ್ದರಲ್ಲ, ಅವರು ತಿಂದದ್ದು ಹೋಟೆಲ್ ರೂಮಿಗೆ ಡಬ್ಬಿಯಲ್ಲಿ ತರಿಸಿದ್ದು. ಡಬ್ಬಿ ಮುಚ್ಚಿದ ಕೂಡಲೇ ಆವಿ ಒಳಗೇ ಸುತ್ತಿ ಗರಿಗರಿ ತಳವನ್ನು ತೊಗಲು ಮಾಡುತ್ತದೆ. ಕೌಂಟರಿನಲ್ಲಿ ನಿಂತು ತಿನ್ನಿಸಿದ ಮೇಲೆ ರಟ್ಟಿನ ಮಾತು ಎತ್ತಿಲ್ಲ.

ಈಗ ನಮ್ಮ ಲೆಕ್ಕ ಹೀಗೆ. ನೇಪಲ್ಸ್ ಬಗೆಯದಾದರೆ ಮೇಜಿಗೆ ಬಂದ ಐದು ನಿಮಿಷದೊಳಗೆ ತಿಂದಿರಬೇಕು. ಸ್ಲೈಸ್ ಆದರೆ ಅಂಗಡಿಯಲ್ಲೇ. ಸ್ಲೈಸನ್ನು ಎರಡನೇ ಸಲ ಓವನ್ನಿಗೆ ಹಾಕಿ ಕೊಡುವುದು ಅಲ್ಲಿನ ಪದ್ಧತಿ. ತಳಕ್ಕೆ ಮತ್ತೆ ಗರಿ ಬರುವುದರಿಂದ ಅದಕ್ಕೆ ಅಂಕ ಕಳೆಯಬಾರದು. ಪಾರ್ಸೆಲ್, ಡಬ್ಬಿ, ಮಾರನೇ ದಿನದ ಮೈಕ್ರೋವೇವ್, ಇವು ಯಾವುದೂ ವಾದಕ್ಕೆ ಸಾಕ್ಷಿ ಅಲ್ಲ.

ಖಾಲಿ ಪಿಜ್ಜಾ ಕೇಳಿ, ತಳ ತಿರುಗಿಸಿ ನೋಡಿ

ಮೇಲೆ ಹತ್ತು ಬಗೆ ಹಾಕಿಸಿಕೊಂಡರೆ ಯಾವ ಊರೂ ಒಂದೇ. ಏನೂ ಹಾಕದ್ದನ್ನೇ ಕೇಳಿ. ನೇಪಲ್ಸ್‌ನಲ್ಲಿ ಮಾರ್ಗರಿಟಾ ಒಂದು, ಮರಿನಾರಾ ಒಂದು. ಮರಿನಾರಾ ಅಂದರೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಚೀಸ್ ಇಲ್ಲ, ಹೆಸರು ಕೇಳಿ ಮೀನು ಇರಬಹುದು ಅಂತ ಹೆದರಬೇಕಾಗಿಲ್ಲ. ಮುಚ್ಚಿಹಾಕಲು ಚೀಸೇ ಇಲ್ಲದಿರುವುದರಿಂದ ಹಿಟ್ಟಿನ ಗುಣ ಅದರಲ್ಲಿ ತಿಳಿದಷ್ಟು ಬೇರೆಯದರಲ್ಲಿ ತಿಳಿಯಲ್ಲ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಹುಷಾರು: ಅಲ್ಲಿ ಪ್ಲೇನ್ ಅಂದರೆ ಮೊಝರೆಲ್ಲಾ ಇಲ್ಲದ್ದು. ಟೊಮೆಟೊ ಸಾಸ್, ಮೇಲೆ ಒಂಚೂರು ತುರಿದ ಗಟ್ಟಿ ಚೀಸ್. ಮೊಝರೆಲ್ಲಾ ಬೇಕಿದ್ದರೆ ಕೇಳಿ ಹಾಕಿಸಿಕೊಳ್ಳಬೇಕು. ಪಿಜ್ಜಾಗೆ ಅವರ ಬಾಯಲ್ಲಿ "ಅಬೀಟ್ಸ್" ಅಂತಲೇ ಹೆಸರು.

ತಿನ್ನುವ ಮೊದಲು ತುಂಡನ್ನು ಎತ್ತಿ ಕೆಳಗೆ ನೋಡಿ. ನಾನು ಮೇಲಿನ ಭಾಗ ನೋಡುವುದು ಆಮೇಲೆ. ನ್ಯೂಯಾರ್ಕ್ ಸ್ಲೈಸಿನ ತಳ ಜೇನು ಬಣ್ಣದಿಂದ ಕಂದು ಬಣ್ಣದವರೆಗೆ, ಮಚ್ಚೆ ಮಚ್ಚೆಯಾಗಿ ಇರಬೇಕು. ಬೂದು ಬಣ್ಣ ಇದ್ದರೆ ಓವನ್ ಕಾಯುವ ಮೊದಲೇ ಹಾಕಿದ್ದಾರೆ ಅಂತ ಅರ್ಥ. ಆಮೇಲೆ ಅಂಚಿನ ಕಡೆ ಹಿಡಿದು ಉದ್ದಕ್ಕೆ ಮಡಚಿ. 18 ಇಂಚಿನ ಪಿಜ್ಜಾವನ್ನು ಎಂಟು ಪಾಲು ಮಾಡಿದ ತುಂಡು ಅದು, ಮಡಚದೆ ಎತ್ತಿದರೆ ತುದಿ ಜೋಲುತ್ತದೆ. ಮಡಚಿದಾಗ ಹೊರಗಿನ ಪದರ ಸಣ್ಣಗೆ ಚಟಪಟ ಅನ್ನಬೇಕು, ಪೂರ್ತಿ ಮುರಿಯಬಾರದು. ತುದಿ ನೇರ ನಿಂತರೆ ಹಿಟ್ಟು ಮಾಡಿದವರಿಗೆ ಕೈ ಮುಗಿಯಿರಿ. ಇದನ್ನು ಫೋರ್ಕಿನಲ್ಲಿ ತಿನ್ನುವುದು ಅಲ್ಲಿ ಸಣ್ಣ ವಿಷಯ ಅಲ್ಲ. 2014ರಲ್ಲಿ ಹೊಸ ಮೇಯರ್ ಬಿಲ್ ಡಿ ಬ್ಲಾಸಿಯೊ ಫೋರ್ಕು ಚಾಕು ಹಿಡಿದದ್ದಕ್ಕೆ ಊರೆಲ್ಲ ಸುದ್ದಿ ಆಯಿತು. ನೇಪಲ್ಸ್‌ನಲ್ಲಿ ಮೇಜಿಗೆ ಕೂತರೆ ಫೋರ್ಕು ಚಾಕು ಸಹಜ. ಬೀದಿಯಲ್ಲಾದರೆ ಇಡೀ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಆಯಾ ಊರಿನವರು ತಿನ್ನುವ ಹಾಗೆ ತಿನ್ನಿ.

ಎಷ್ಟು ತಿಂದಿದ್ದೀರಿ, ಏನು ತಿನ್ನಲ್ಲ, ಮೊದಲೇ ಹೇಳಿ

ನಾನು ಮಾಂಸ, ಮೀನು ತಿನ್ನಲ್ಲ. ಶಿಕಾಗೋದ ಸಾಸೇಜ್ ಪಿಜ್ಜಾ ಬಗ್ಗೆ, 1925ರಿಂದ ನಡೆಯುತ್ತಿರುವ ನ್ಯೂ ಹೇವನ್‌ನ ಫ್ರಾಂಕ್ ಪೆಪೆ ಅಂಗಡಿಯ ಹೆಸರಾಂತ ಕ್ಲ್ಯಾಮ್ (ಕಡಲ ಚಿಪ್ಪಿನ ಮಾಂಸ) ಪಿಜ್ಜಾ ಬಗ್ಗೆ ನಾನು ತೀರ್ಪು ಕೊಡುವಂತಿಲ್ಲ. ಆ ಮಾತು ಬಂದಾಗ ಷಡ್ಡಕರು ಹೇಳುತ್ತಾರೆ, ನಾನು ಕೇಳುತ್ತೇನೆ. ನೇಪಲ್ಸ್‌ನಲ್ಲಿ ನಾನಿದ್ದದ್ದು ಮೂರೇ ದಿನ, ತಿಂದದ್ದು ಐದೇ ಪಿಜ್ಜಾ. ಐದೂ ಚೆನ್ನಾಗಿದ್ದವು. ಆದರೆ ಐದು ಪಿಜ್ಜಾ ತಿಂದು ಒಂದು ಊರನ್ನು ಅಳೆಯುವುದು ಸರಿಯಲ್ಲ ಅಂತ ಪ್ರತಿ ಸಲ ಅದನ್ನೂ ಸೇರಿಸಿ ಹೇಳುತ್ತೇನೆ.

ಗೊತ್ತಿಲ್ಲದ ಅಂಗಡಿಗೆ ಹೋಗಿ

ಎಲ್ಲರೂ ಮಾಡುವ ತಪ್ಪು ಇದು: ಪ್ರತಿ ಊರಿನ ಒಂದೊಂದು ಹೆಸರಾಂತ ಅಂಗಡಿ ತೆಗೆದುಕೊಂಡು ಹೋಲಿಸುವುದು. ಅದು ಅಂಗಡಿಗಳ ಪೈಪೋಟಿ, ಊರುಗಳದ್ದಲ್ಲ. ಊರನ್ನು ಅಳೆಯಬೇಕಾದರೆ ಯಾವುದೋ ಸ್ಟೇಷನ್ನಿನಲ್ಲಿ ಇಳಿದು, ಫೋನ್ ನೋಡದೆ, ಮೊದಲು ಕಂಡ ಅಂಗಡಿಗೆ ನುಗ್ಗಿ ಒಂದು ಖಾಲಿ ಪಿಜ್ಜಾ ತಿನ್ನಬೇಕು. ಮೂರು ಬೇರೆ ಬೇರೆ ಏರಿಯಾದಲ್ಲಿ ಹೀಗೆ ಮಾಡಿ. ಅತಿ ಕೆಟ್ಟದ್ದು ಎಷ್ಟು ಕೆಟ್ಟದ್ದು ಅನ್ನುವುದರ ಮೇಲೆ ಅಂಕ ಕೊಡಿ. ನಾನು ಬ್ರಾಂಕ್ಸ್‌ನಲ್ಲಿ, ಕ್ವೀನ್ಸ್‌ನಲ್ಲಿ, ಬ್ರೂಕ್ಲಿನ್ನಿನಲ್ಲಿ ಹೀಗೆ ತಿಂದಿದ್ದೇನೆ. ಹೆಸರು ನೆನಪಿಲ್ಲದ ಅಂಗಡಿಗಳು. ಬಿಸಾಕಬೇಕು ಅನ್ನಿಸಿದ ಸ್ಲೈಸ್ ಒಂದೂ ಇಲ್ಲ.

ಕೆಲವು ಮಾತು ಬಿಟ್ಟುಬಿಡಿ

"ನಮ್ಮೂರಿನ ನೀರು" ಅನ್ನುವುದು ಒಂದು. ನ್ಯೂಯಾರ್ಕಿನ ನೀರು ಮೆದು ನೀರು, ನಿಜ. ಗಡಸು ನೀರಿಗೂ ಮೆದು ನೀರಿಗೂ ಹಿಟ್ಟಿನಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಆದರೆ ಹಿಟ್ಟನ್ನು ಎಷ್ಟು ಹೊತ್ತು ಹುದುಗಲು ಬಿಟ್ಟರು, ಓವನ್ ಎಷ್ಟು ಕಾದಿತ್ತು ಅನ್ನುವುದರ ಮುಂದೆ ಅದು ಏನೇನೂ ಅಲ್ಲ. 1889ರಲ್ಲಿ ಇಟಲಿಯ ರಾಣಿ ಮಾರ್ಗರಿಟಾಗೆ ಮಾಡಿಕೊಟ್ಟ ಪಿಜ್ಜಾಗೆ ಅವರ ಹೆಸರೇ ಬಂತು ಅನ್ನುವ ಕತೆಯೂ ಬೇಡ. ಇತಿಹಾಸ ಓದಿದವರು ಅದನ್ನು ಪೂರ್ತಿ ನಂಬುವುದಿಲ್ಲ, ಮತ್ತು ರಾಣಿ ತಿಂದರು ಅಂತ ಇವತ್ತಿನ ಪಿಜ್ಜಾ ರುಚಿ ಆಗಲ್ಲ. ನೇಪಲ್ಸ್‌ನ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅದು ಆ ಕೈಕೆಲಸಕ್ಕೆ ಸಂದ ಗೌರವ, ನನಗೂ ಖುಷಿ. ಆದರೆ ಮೇಜಿನ ಮೇಲಿರುವ ಪಿಜ್ಜಾಗೆ ಅದರಿಂದ ಅಂಕ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ತೀರ್ಪು ಹೀಗಿದೆ. ಊರು ಅಂತ ಕೇಳಿದರೆ ನ್ಯೂಯಾರ್ಕ್, ಆ ಹೆಸರಿಲ್ಲದ ಅಂಗಡಿಗಳಿಗಾಗಿ. ಒಂದೇ ಒಂದು ಪಿಜ್ಜಾ ಅಂತ ಕೇಳಿದರೆ ನ್ಯೂ ಹೇವನ್‌ನ ಕಲ್ಲಿದ್ದಲು ಒಲೆಯಿಂದ ಬಂದ, ಅಂಚು ಕರಿಯಾಗಿ ಸೀದ, ಮೊಝರೆಲ್ಲಾ ಇಲ್ಲದ ಟೊಮೆಟೊ ಪಿಜ್ಜಾ. ಷಡ್ಡಕರು ಇದನ್ನು ಒಪ್ಪಿಲ್ಲ, ಯಾಕೆಂದರೆ ಅವರಿನ್ನೂ ನ್ಯೂ ಹೇವನ್ ನೋಡಿಲ್ಲ. ಅಕ್ಟೋಬರಿನಲ್ಲಿ ಬರುತ್ತಿದ್ದಾರೆ. ಗ್ರ್ಯಾಂಡ್ ಸೆಂಟ್ರಲ್‌ನಿಂದ ಎರಡು ಗಂಟೆಯ ರೈಲು, ಬೆಳಿಗ್ಗೆ ತಿಂಡಿ ತಿನ್ನದೆ ಹೊರಡುವುದು ಅಂತ ಮಾತಾಗಿದೆ. ಡಬ್ಬಿಯಲ್ಲಿ ಏನೂ ಕಟ್ಟಿಸಿಕೊಳ್ಳುವುದಿಲ್ಲ.